ಬೆತ್ತ: ಮುಳ್ಳು ಹೊದ್ದ ತಾಳೆಯ ಪೂರ್ವಾಪರ

ಬೆತ್ತ ಎಂದರೆ ಯಾರಿಗೆ ಗೊತ್ತಿಲ್ಲ? ನಲವತ್ತು ದಾಟಿದ ಯಾವ ಕನ್ನಡಿಗನನ್ನು ಕೇಳಿದರೂ ಮೊದಲು ತನ್ನ ಅಂಗೈ ನೋಡಿಕೊಂಡಾನು. ಮಗ್ಗಿ ತಪ್ಪಿದ್ದಕ್ಕೆ ಒಂದು, ಮನೆಪಾಠ ಮರೆತದ್ದಕ್ಕೆ ಎರಡು ಎಂಬ ಲೆಕ್ಕದಲ್ಲಿ ಊರೂರ ಶಾಲೆಗಳಲ್ಲಿ ಬೆತ್ತ ತನ್ನ ಪರಿಚಯವನ್ನು ತಾನೇ ಮಾಡಿಕೊಟ್ಟಿದೆ. 2009ರ ಶಿಕ್ಷಣ ಹಕ್ಕು ಕಾಯಿದೆಯ 17ನೇ ಕಲಮು ಮಕ್ಕಳಿಗೆ ದೈಹಿಕ ಶಿಕ್ಷೆ ಕೊಡುವುದನ್ನು ನಿಷೇಧಿಸಿತು. 2010ರ ಏಪ್ರಿಲ್ 1ರಿಂದ ಆ ಕಾಯಿದೆ ಜಾರಿಗೆ ಬಂದ ಮೇಲೆ ಮೇಷ್ಟ್ರ ಮೇಜಿನಿಂದ ಬೆತ್ತ ಇಳಿಯಿತು. ಆದರೆ ಆ ಬೆತ್ತ ಯಾವ ಗಿಡದ್ದು, ಯಾವ ಕಾಡಿನಿಂದ ಬಂತು, ಅದನ್ನು ಕಡಿದು ತಂದವರು ಯಾರು ಎಂಬುದನ್ನು ಏಟು ತಿಂದವರೂ ಕೇಳಲಿಲ್ಲ, ಕೊಟ್ಟವರೂ ಹೇಳಲಿಲ್ಲ.

ಅನೇಕರು ಬೆತ್ತವನ್ನು ಬಿದಿರಿನ ತಮ್ಮ ಎಂದೇ ತಿಳಿದಿದ್ದಾರೆ. ಇನ್ನು ಕೆಲವರಿಗೆ ಅದೊಂದು ಕಾಡುಬಳ್ಳಿ. ಎರಡೂ ಸರಿಯಲ್ಲ. ಬಿದಿರು ಹುಲ್ಲಿನ ಜಾತಿ. ಬೆತ್ತವಾದರೋ ತಾಳೆಯ ಕುಲಕ್ಕೆ ಸೇರಿದ್ದು. ಅಂದರೆ ತೋಟದ ಅಡಿಕೆ, ಹಿತ್ತಲ ತೆಂಗು, ಕಾಡಿನ ಬೈನೆ ಇವುಗಳ ದಾಯಾದಿ. ಅಣ್ಣತಮ್ಮಂದಿರೆಲ್ಲ ತಮ್ಮ ಕಾಲ ಮೇಲೆ ತಾವು ನಿಂತರೆ, ಇದೊಂದು ಮಾತ್ರ ಪಕ್ಕದ ಮರದ ಹೆಗಲು ಹಿಡಿದು ಬಿಸಿಲು ಕಾಣಲು ಹೊರಟಿತು.

ಹತ್ತುವ ಉಪಾಯ

ದಟ್ಟ ಕಾಡಿನ ನೆಲದಲ್ಲಿ ಬೆಳಕಿಗೆ ಬರ. ಅಲ್ಲಿ ಮೊಳೆತ ಬೆತ್ತದ ಸಸಿ ಕೆಲವು ವರ್ಷ ನೆಲಮಟ್ಟದಲ್ಲೇ ನಾಲ್ಕಾರು ಗರಿ ಬಿಟ್ಟುಕೊಂಡು ಕಾಯುತ್ತದೆ. ಹತ್ತಿರದ ಮರವೊಂದು ಉರುಳಿ ಬಿಸಿಲ ಕಿಂಡಿ ತೆರೆದರೆ ಕಾಂಡ ಮೇಲಕ್ಕೆ ಹೊರಡುತ್ತದೆ. ಹೊರಟ ಮೇಲೆ ಹಿಂದೆ ನೋಡುವ ಮಾತಿಲ್ಲ. ಆಗ್ನೇಯ ಏಷ್ಯಾದ ಕಾಡಿನ ಒಂದು ಬೆತ್ತದ ಕಾಂಡ 170 ಮೀಟರಿಗೂ ಹೆಚ್ಚು ಉದ್ದ ಬೆಳೆದದ್ದು ದಾಖಲೆಯಾಗಿದೆ. ಗಿಡಗಳಲ್ಲಿ ಇಷ್ಟು ಉದ್ದದ ಕಾಂಡ ಅಪರೂಪ.

ಮೆಣಸಿನ ಬಳ್ಳಿಗೆ ಅಂಟುಬೇರು ಉಂಟು, ಹಾಗಲಕ್ಕೆ ಸುರುಳಿ ತಂತು ಉಂಟು. ಬೆತ್ತಕ್ಕೆ ಇವೆರಡೂ ಇಲ್ಲ. ಇರುವುದು ಮುಳ್ಳು ಮಾತ್ರ. ಗರಿಯ ತುದಿಯಿಂದಲೋ ಎಲೆಯ ಬುಡದ ಒರೆಯಿಂದಲೋ ಚಾಟಿಯಂಥ ಒಂದು ಉದ್ದ ಎಳೆ ಹೊರಡುತ್ತದೆ. ಅದರ ಮೇಲೆ ಬೆಕ್ಕಿನ ಉಗುರಿನಂತೆ ಹಿಂದಕ್ಕೆ ಬಾಗಿದ ಕೊಕ್ಕೆಗಳು. ಗಾಳಿಗೆ ತೂಗಾಡುವ ಈ ಚಾಟಿ ಪಕ್ಕದ ಕೊಂಬೆಗೆ ತಾಗಿದರೆ ಸಾಕು, ಕಚ್ಚಿ ಹಿಡಿಯುತ್ತದೆ. ಮುಂದಕ್ಕೆ ಜಾರಲು ದಾರಿಯುಂಟು, ಹಿಂದಕ್ಕೆ ಬರಲು ಇಲ್ಲ. ಕಾಡಿನಲ್ಲಿ ಅಂಗಿ ಸಿಕ್ಕಿಸಿಕೊಂಡವರು ಎಳೆದಷ್ಟೂ ಹರಿದುಕೊಳ್ಳುವುದು ಇದೇ ಕಾರಣಕ್ಕೆ. ಬಿಡಿಸಿಕೊಳ್ಳಬೇಕಾದರೆ ಎರಡು ಹೆಜ್ಜೆ ಮುಂದೆ ಹೋಗಬೇಕು.

ಕೊಕ್ಕೆ ಹತ್ತುವುದಕ್ಕಾದರೆ, ಕಾಂಡವನ್ನು ಸುತ್ತಿದ ಒರೆಯ ಮೇಲಿನ ಸೂಜಿಮುಳ್ಳು ಕಾವಲಿಗೆ. ಬೆತ್ತದ ಎಳೆಯ ಸುಳಿ ಆನೆಗೂ ಪ್ರಿಯ. ತಾಳೆಯ ಕುಲದಲ್ಲಿ ಬೆಳವಣಿಗೆಯೆಲ್ಲ ಕಾಂಡದ ತುದಿಯ ಒಂದೇ ಮೊಗ್ಗಿನಲ್ಲಿ. ಅದು ಹೋದರೆ ಆ ಕಾಂಡದ ಕಥೆ ಮುಗಿಯಿತು. ತೆಂಗಿನ ಸುಳಿ ಕೊಳೆತರೆ ಮರವೇ ಹೋಗುವುದನ್ನು ಕಂಡ ರೈತರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಅಷ್ಟು ಬೆಲೆಬಾಳುವ ಮೊಗ್ಗನ್ನು ಕಾಯಲು ಮೈತುಂಬ ಮುಳ್ಳು ಬೇಕಾಯಿತು.

ಒರೆ ಒಣಗಿ ಕಳಚಿದರೆ ಒಳಗೆ ಕಾಣುವುದು ನುಣುಪಾದ, ಗೆಣ್ಣುಳ್ಳ, ಹಳದಿ ಬಿಳುಪಿನ ಕೋಲು. ಮೇಜಿನ ಮೇಲಿದ್ದ ಬೆತ್ತ ಅದೇ. ಬಿದಿರಿನ ಒಳಗು ಟೊಳ್ಳು, ಬೆತ್ತದ ಒಳಗು ಗಟ್ಟಿ. ಉದ್ದುದ್ದ ನಾರಿನ ಎಳೆಗಳು, ಅವುಗಳ ನಡುವೆ ಮೆತ್ತನೆಯ ತಿರುಳು, ಹೊರಗೆ ಮರಳಿನ ಅಂಶ ಸೇರಿ ಗಾಜಿನಂತೆ ಹೊಳೆಯುವ ತೊಗಟೆ. ಕಾವು ಕೊಟ್ಟರೆ ತಿರುಳು ಮೆದುವಾಗಿ ಕೋಲು ಬಾಗುತ್ತದೆ. ಆರಿದ ಮೇಲೆ ಬಾಗಿದ ಆಕಾರದಲ್ಲೇ ನಿಲ್ಲುತ್ತದೆ. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಎಂಬ ಗಾದೆಗೆ ಬೆತ್ತವೊಂದು ಅಪವಾದ. ಎಷ್ಟು ಬಲಿತರೂ ಅದು ಬಗ್ಗುತ್ತದೆ.

ಬೆತ್ತದಲ್ಲಿ ಗಂಡು ಗಿಡ ಬೇರೆ, ಹೆಣ್ಣು ಗಿಡ ಬೇರೆ. ಹೆಣ್ಣು ಗಿಡದಲ್ಲಿ ಗೊಂಚಲು ಗೊಂಚಲಾಗಿ ಕಾಯಿ ಬಿಡುತ್ತದೆ. ಕಾಯಿಯ ಮೈಮೇಲೆ ಚಿಪ್ಪುಹಂದಿಯಂತೆ ಒಂದರ ಮೇಲೊಂದು ಹೊದಿಸಿದ ಹೊಳಪಿನ ಚಿಪ್ಪು. ಸುಲಿದರೆ ಬೀಜದ ಸುತ್ತ ತೆಳ್ಳಗೆ ಹುಳಿ ತಿರುಳು. ಮಂಗಗಳೂ ಹಕ್ಕಿಗಳೂ ಇದನ್ನು ತಿಂದು ಬೀಜ ಹರಡುತ್ತವೆ. ಬೀಜ ಒಣಗಿತೆಂದರೆ ಮೊಳೆಯುವ ಶಕ್ತಿ ಕಳೆದುಕೊಳ್ಳುತ್ತದೆ. ಹಾಗಾಗಿ ಭತ್ತ, ರಾಗಿಯಂತೆ ಬೆತ್ತದ ಬೀಜವನ್ನು ಕಟ್ಟಿಡಲು ಬರುವುದಿಲ್ಲ.

ಮುಂಡಗೋಡದಿಂದ ಜೊಯಿಡಾಕ್ಕೆ

ಬೆತ್ತಕ್ಕೆ ಬೇಕಾದ್ದು ನೆರಳು, ತೇವ ಮತ್ತು ಆಸರೆಗೆ ಎತ್ತರದ ಮರ. ಈ ಮೂರರ ಲೆಕ್ಕ ಹಿಡಿದು ಉತ್ತರ ಕನ್ನಡ ಜಿಲ್ಲೆಯ ನಕ್ಷೆ ನೋಡಿದರೆ ಅದರ ವಾಸಸ್ಥಾನ ತಾನಾಗಿ ತಿಳಿಯುತ್ತದೆ. ಜಿಲ್ಲೆಯ ಪೂರ್ವದ ಅಂಚಿನಲ್ಲಿ ಮುಂಡಗೋಡ. ಧಾರವಾಡ, ಹಾವೇರಿ ಜಿಲ್ಲೆಗಳ ಬಯಲು ಇಲ್ಲಿಂದಲೇ ಶುರು. ಮಲೆನಾಡೂ ಅಲ್ಲದ, ಬಯಲುಸೀಮೆಯೂ ಅಲ್ಲದ ಈ ತಾಲೂಕಿನ ಕಾಡು ಎಲೆ ಉದುರಿಸುವ ಕಾಡು. ತೇಗ, ಮತ್ತಿ, ಹೊನ್ನೆ, ಬಿದಿರು ಇಲ್ಲಿಯ ಸೊತ್ತು. ಹಳಿಯಾಳದ ಕಥೆಯೂ ಹೆಚ್ಚುಕಡಿಮೆ ಇದೇ. ಬೇಸಿಗೆಯಲ್ಲಿ ಬೋಳಾಗುವ ಇಂಥ ಕಾಡು ಬೆತ್ತಕ್ಕೆ ಒಗ್ಗುವುದಿಲ್ಲ.

ಪಶ್ಚಿಮಕ್ಕೆ ಸರಿದಂತೆ ಮಳೆ ಹೆಚ್ಚುತ್ತದೆ, ಕಾಡು ಕಪ್ಪಾಗುತ್ತದೆ. ಯಲ್ಲಾಪುರದ ಘಟ್ಟದ ಅಂಚು, ಶಿರಸಿ, ಸಿದ್ದಾಪುರದ ಹಳ್ಳಕೊಳ್ಳ, ಜೊಯಿಡಾದ ಕಾಳಿ ಕಣಿವೆ ಬೆತ್ತಕ್ಕೆ ಒಗ್ಗುವ ಹಸಿರುಗಾಡುಗಳು. ಜೊಯಿಡಾ ತಾಲೂಕಿನ ಕ್ಯಾಸಲ್‌ರಾಕ್ ರಾಜ್ಯದಲ್ಲಿ ಅತಿ ಹೆಚ್ಚು ಮಳೆ ಬೀಳುವ ಊರುಗಳಲ್ಲಿ ಒಂದು. ಒಂದೇ ಜಿಲ್ಲೆಯೊಳಗೆ ಅರ್ಧ ದಿನದ ಬಸ್ ಪ್ರಯಾಣದಲ್ಲಿ ಬಿದಿರಿನ ಸೀಮೆ ಮುಗಿದು ಬೆತ್ತದ ಸೀಮೆ ಬರುತ್ತದೆ.

ಗಿಡ ಪಶ್ಚಿಮದಲ್ಲಿ, ಗಿರಾಕಿ ಪೂರ್ವದಲ್ಲಿ ಎಂಬುದು ಇದರಿಂದ ಉಂಟಾದ ಹಳೆಯ ವ್ಯವಸ್ಥೆ. ಮಲೆನಾಡಿನ ಬೆತ್ತ ಬಯಲಿನ ಸಂತೆಗೆ ಬುಟ್ಟಿಯಾಗಿ, ತೊಟ್ಟಿಲಾಗಿ ಇಳಿದು ಬರಬೇಕು. ಬಿದಿರಿನ ಬುಟ್ಟಿಯ ಬಾಯಿಯ ಅಂಚು ಬಿಗಿಯುವುದಕ್ಕೂ ಬೆತ್ತದ ಸೀಳೇ ಆಗಬೇಕು. ಬಿದಿರ ದಬ್ಬೆ ಒಣಗಿ ಮುರಿದರೂ ಬೆತ್ತದ ಕಟ್ಟು ಬಿಚ್ಚುವುದಿಲ್ಲ. ಈ ಕಾರಣದಿಂದ ಬಿದಿರ ನಾಡಿನ ಬುಟ್ಟಿಗೂ ಬೆತ್ತದ ನಾಡಿನ ನಂಟು ತಪ್ಪಲಿಲ್ಲ.

ಹೆಸರಿನ ಹಿಂದೆ

ಬೆತ್ತ ಎಂಬ ಮಾತು ಸಂಸ್ಕೃತದ ವೇತ್ರದ ತದ್ಭವ. ಹಿಂದಿಯ ಬೇಂತ್ ಕೂಡ ಇದೇ ಮೂಲದ್ದು. ಮಧ್ಯಪ್ರದೇಶದ ಬೇತ್ವಾ ನದಿಯ ಹಳೆಯ ಹೆಸರು ವೇತ್ರವತಿ, ಅಂದರೆ ಬೆತ್ತವುಳ್ಳವಳು. ಮಲಯಾಳದಲ್ಲಿ ಇದು ಚೂರಲ್, ತಮಿಳಿನಲ್ಲಿ ಪಿರಂಬು. ಇಂಗ್ಲಿಷಿನ ರಾಟನ್ ಮಾತ್ರ ಮಲಯಾ ದ್ವೀಪಗಳ ರೋತಾನ್ ಎಂಬ ಮಾತಿನಿಂದ ಹೋದದ್ದು.

ವಿಜ್ಞಾನಿಗಳು ಬೆತ್ತಕ್ಕೆ ಇಟ್ಟ ಕುಲನಾಮ ಕ್ಯಾಲಮಸ್. ಗ್ರೀಕ್ ಭಾಷೆಯಲ್ಲಿ ಜೊಂಡು ಎಂದು ಅರ್ಥ. ಸ್ವೀಡನ್ನಿನ ಲಿನೇಯಸ್ 1753ರಲ್ಲಿ ಕ್ಯಾಲಮಸ್ ರೋಟಾಂಗ್ ಎಂಬ ಹೆಸರನ್ನು ದಾಖಲಿಸಿದ. ಅದಕ್ಕೂ ಮೊದಲೇ, 1678ರಿಂದ 1693ರವರೆಗೆ 12 ಸಂಪುಟಗಳಲ್ಲಿ ಹೊರಬಂದ ಡಚ್ಚರ ಹೋರ್ಟಸ್ ಮಲಬಾರಿಕಸ್ ಗ್ರಂಥ ಮಲಬಾರಿನ ಚೂರಲನ್ನು ಯುರೋಪಿಗೆ ಪರಿಚಯಿಸಿತ್ತು. ಇಟಲಿಯ ಒಡೊಆರ್ಡೊ ಬೆಕ್ಕಾರಿ 1908ರಲ್ಲಿ ಬೆತ್ತಗಳ ಮೇಲೆ ಬರೆದ ಬೃಹತ್ ಗ್ರಂಥವನ್ನು ಪ್ರಕಟಿಸಿದ್ದು ಕಲ್ಕತ್ತೆಯ ಸಸ್ಯೋದ್ಯಾನ. ನಮ್ಮ ಘಟ್ಟದ ದಪ್ಪ ಹಂದಿಬೆತ್ತಕ್ಕೆ ಸಿಂಹಳದ ಸಸ್ಯೋದ್ಯಾನದ ಅಧಿಕಾರಿ ಥ್ವೈಟ್ಸ್‌ನ ಹೆಸರಿಟ್ಟವನೂ ಇವನೇ.

ಎಲ್ಲ ಹೆಸರೂ ಹೊರಗಿನಿಂದಲೇ ಬಂದವಲ್ಲ. 1970ರಲ್ಲಿ ದಕ್ಷಿಣ ಕನ್ನಡದ ಸುಬ್ರಹ್ಮಣ್ಯದ ಕಾಡಿನ ಬೆತ್ತವೊಂದನ್ನು ಹೊಸ ಪ್ರಭೇದವೆಂದು ಗುರುತಿಸಿದಾಗ ಸ್ಥಳೀಯರು ಕರೆಯುತ್ತಿದ್ದ ಹೆಸರನ್ನೇ ಉಳಿಸಿಕೊಳ್ಳಲಾಯಿತು. ಅದು ಕ್ಯಾಲಮಸ್ ನಾಗಬೆತ್ತೈ, ಅಂದರೆ ನಾಗಬೆತ್ತ. 1990ರಲ್ಲಿ ಕರ್ನಾಟಕ ಅರಣ್ಯ ಇಲಾಖೆಯ ಎ.ಸಿ. ಲಕ್ಷ್ಮಣ ಮತ್ತು ಕೇರಳ ಅರಣ್ಯ ಸಂಶೋಧನಾ ಸಂಸ್ಥೆಯ ಸಿ. ರೇಣುಕಾ ಸೇರಿ ವರ್ಣಿಸಿದ ಬೆತ್ತಗಳಲ್ಲಿ ಒಂದಕ್ಕೆ ಕ್ಯಾಲಮಸ್ ಕರ್ನಾಟಕೆನ್ಸಿಸ್ ಎಂದೇ ಹೆಸರು. ಭಾರತದಲ್ಲಿ ಸುಮಾರು 60 ಬಗೆಯ ಬೆತ್ತಗಳಿವೆ. ಅವುಗಳಲ್ಲಿ ಮೂರರಲ್ಲೊಂದು ಪಾಲಿನಷ್ಟು ಪಶ್ಚಿಮಘಟ್ಟದವು. ಉಳಿದವು ಹೆಚ್ಚಾಗಿ ಈಶಾನ್ಯದ ರಾಜ್ಯಗಳಲ್ಲೂ ಅಂಡಮಾನಿನಲ್ಲೂ ಬೆಳೆಯುತ್ತವೆ.

ಅರಮನೆಯ ಬಾಗಿಲಿಂದ ದೇವರ ರಥಕ್ಕೆ

ಬೆತ್ತ ಹಿಡಿದವನಿಗೆ ಅಧಿಕಾರ ಉಂಟು ಎಂಬ ಭಾವನೆ ಶಾಲೆಯಲ್ಲಿ ಹುಟ್ಟಿದ್ದಲ್ಲ. ಹಳೆಯ ಅರಮನೆಗಳಲ್ಲಿ ದ್ವಾರಪಾಲಕರ ಕೈಯಲ್ಲಿ ಇರುತ್ತಿದ್ದುದು ವೇತ್ರದಂಡ. ಕಾಳಿದಾಸನ ಶಾಕುಂತಲದಲ್ಲಿ ದುಷ್ಯಂತನ ಬಾಗಿಲು ಕಾಯುವ ಪ್ರತೀಹಾರಿಯ ಹೆಸರೇ ವೇತ್ರವತಿ. ಒಳಗೆ ಬಿಡುವವರು ಯಾರನ್ನು, ಹೊರಗೆ ನಿಲ್ಲಿಸುವವರು ಯಾರನ್ನು ಎಂಬುದನ್ನು ಆ ಕೋಲು ಹೇಳುತ್ತಿತ್ತು. ಬ್ರಿಟಿಷರ ಕಾಲದ ಅಧಿಕಾರಿಯ ಕಂಕುಳ ಬೆತ್ತವೂ ಅದೇ ವಂಶದ್ದು.

ಇದಕ್ಕೆ ಪೂರ್ತಿ ಬೇರೆಯಾದ ಇನ್ನೊಂದು ಬೆತ್ತವನ್ನು ಕುಕ್ಕೆ ಸುಬ್ರಹ್ಮಣ್ಯದಲ್ಲಿ ಕಾಣಬಹುದು. ಮಾರ್ಗಶಿರ ಶುದ್ಧ ಷಷ್ಠಿಯ ದಿನ, ಅಂದರೆ ಚಂಪಾಷಷ್ಠಿಗೆ, ಅಲ್ಲಿ ಬ್ರಹ್ಮರಥ ಎಳೆಯುತ್ತಾರೆ. ರಥ ಕಟ್ಟುವ ಹಕ್ಕು ಕಾಡಿನ ನಿವಾಸಿಗಳಾದ ಮಲೆಕುಡಿಯರದು. ಅವರು ಕಾಡಿಗೆ ಹೋಗಿ ಬಿದಿರು, ಬೆತ್ತ ತಂದು ರಥದ ಮೇಲ್ಭಾಗವನ್ನು ಹೆಣೆದು ನಿಲ್ಲಿಸುತ್ತಾರೆ. ಎಳೆಯುವುದಕ್ಕೂ ಹಗ್ಗದ ಬದಲು ಬೆತ್ತವೇ. ರಥೋತ್ಸವ ಮುಗಿದ ಮೇಲೆ ಬೆತ್ತದ ತುಂಡಿಗಾಗಿ ಭಕ್ತರಲ್ಲಿ ನೂಕುನುಗ್ಗಲು. ಸಿಕ್ಕಿದ ತುಂಡನ್ನು ಪ್ರಸಾದವೆಂದು ಮನೆಗೆ ಒಯ್ದು ಇಟ್ಟುಕೊಳ್ಳುತ್ತಾರೆ. ನಾಗನ ಕ್ಷೇತ್ರದ ಬೆತ್ತ ಮನೆಯಲ್ಲಿದ್ದರೆ ಹಾವಿನ ಭಯವಿಲ್ಲ ಎಂಬುದು ನಂಬಿಕೆ.

ನಂಬಿಕೆಯ ಮಾತು ಇರಲಿ. ಸಾವಿರಾರು ಜನ ಜಗ್ಗಿದರೂ ಹರಿಯದ ನಾರು ಯಾವುದು, ಅದು ಕಾಡಿನ ಯಾವ ಮೂಲೆಯಲ್ಲಿ ಸಿಗುತ್ತದೆ, ಎಷ್ಟು ಬಲಿತಾಗ ಕಡಿಯಬೇಕು ಎಂಬುದೆಲ್ಲ ಬಲ್ಲವರು ಮಲೆಕುಡಿಯರು. ಆ ತಿಳಿವಳಿಕೆಗೆ ಸಂದ ಮರ್ಯಾದೆಯನ್ನೂ ಈ ಸಂಪ್ರದಾಯದಲ್ಲಿ ಕಾಣಬಹುದು.

ಹೆಣೆಯುವ ಕೈ

ಬಿದಿರು, ಬೆತ್ತದ ಕೆಲಸವನ್ನೇ ಕುಲಕಸುಬಾಗಿ ಹಿಡಿದವರು ಮೇದಾರರು. ಉತ್ತರ ಕರ್ನಾಟಕದಲ್ಲಿ ಇವರನ್ನು ಬುರುಡರೆಂದೂ ಕರೆಯುತ್ತಾರೆ. ಹನ್ನೆರಡನೆಯ ಶತಮಾನದ ಶರಣ ಮೇದಾರ ಕೇತಯ್ಯ ಬುಟ್ಟಿ ಹೆಣೆದು ಕಾಯಕ ಮಾಡಿದವರು. ಗವರೇಶ್ವರ ಎಂಬುದು ಅವರ ವಚನಗಳ ಅಂಕಿತ. ಎಷ್ಟೋ ಊರುಗಳಲ್ಲಿ ಈಗಲೂ ಒಂದು ಮೇದಾರ ಓಣಿ ಇದೆ.

ಬೆತ್ತದ ಕೆಲಸ ಸುಲಭವಲ್ಲ. ಬುಡ ಕಡಿದ ಮೇಲೆ ಮರದ ತಲೆಯಲ್ಲಿ ಕೊಕ್ಕೆ ಹಾಕಿ ಕೂತ ಕಾಂಡವನ್ನು ಕೆಳಗೆ ಎಳೆಯಬೇಕು. ಜೊತೆಗೆ ಒಣ ಕೊಂಬೆ, ಇರುವೆ, ಮುಳ್ಳು ಎಲ್ಲ ತಲೆಯ ಮೇಲೆ ಬೀಳುತ್ತವೆ. ಮುಳ್ಳಿನ ಒರೆ ತೆಗೆದು, ಅಳತೆಗೆ ತುಂಡು ಮಾಡಿ ಹೊರೆ ಕಟ್ಟಬೇಕು. ಹಸಿ ಬೆತ್ತವನ್ನು ಹಾಗೇ ಬಿಟ್ಟರೆ ಬೂಷ್ಟು ಹಿಡಿದು ಕಲೆಯಾಗುತ್ತದೆ, ಹುಳ ಹೊಡೆಯುತ್ತದೆ. ಅದಕ್ಕಾಗಿ ದಪ್ಪ ಬೆತ್ತವನ್ನು ಕಾದ ಎಣ್ಣೆಯಲ್ಲಿ ಅದ್ದಿ ಒಣಗಿಸುವ, ಸಣ್ಣದಕ್ಕೆ ಗಂಧಕದ ಹೊಗೆ ಕೊಡುವ ಕ್ರಮಗಳಿವೆ. ಆಮೇಲೆ ದಪ್ಪದ್ದು ಕುರ್ಚಿಯ ಕಾಲು, ಕೈಗೆ, ಸಣ್ಣದ್ದು ಬುಟ್ಟಿಗೆ, ಸೀಳಿದ ತೊಗಟೆ ಹೆಣಿಗೆಗೆ. ಎಸೆಯುವಂಥದ್ದು ಬಹಳ ಕಡಿಮೆ.

ಬೆತ್ತದ ಸೀಳಿನಲ್ಲಿ ಹೆಣೆದ ಕುರ್ಚಿ ಸೆಕೆಯ ನಾಡಿಗೆ ಹೇಳಿ ಮಾಡಿಸಿದ್ದು. ಬೆನ್ನಿಗೆ ಗಾಳಿ ಆಡುತ್ತದೆ. ಕಂಪನಿಗಳ ಹಡಗು ಹತ್ತಿ ಹದಿನೇಳನೆಯ ಶತಮಾನದ ಉತ್ತರಾರ್ಧದಲ್ಲಿ ಈ ಹೆಣಿಗೆ ಇಂಗ್ಲೆಂಡಿಗೆ ಹೋದಾಗ ಚಳಿಯ ನಾಡಿನವರೂ ಮನಸೋತರು. ಸ್ವತಂತ್ರ ಭಾರತದ ಸರ್ಕಾರಿ ಕಚೇರಿಗಳಲ್ಲೂ ತೇಗದ ಚೌಕಟ್ಟು, ಬೆತ್ತದ ಹೆಣಿಗೆಯ ಕುರ್ಚಿಗೆ ಬಹುಕಾಲ ಎದುರಾಳಿ ಇರಲಿಲ್ಲ. 1950ರ ದಶಕದಲ್ಲಿ ಚಂಡೀಗಡದ ಕಚೇರಿಗಳಿಗಾಗಿ ಪಿಯರ್ ಜೆನೆರೆ ರೂಪಿಸಿದ ಇಂಥ ಕುರ್ಚಿಗಳು ಗುಜರಿಗೆ ಹೋಗಿ, ಅಲ್ಲಿಂದ ವಿದೇಶದ ಹರಾಜುಕಟ್ಟೆ ಸೇರಿ ಲಕ್ಷಾಂತರ ರೂಪಾಯಿಗೆ ಮಾರಾಟವಾದವು. ಅವುಗಳ ಹೆಣಿಗೆ ಹೆಣೆದವರ ಹೆಸರು ಮಾತ್ರ ಯಾವ ಹರಾಜಿನಲ್ಲೂ ಕೇಳಿಬರಲಿಲ್ಲ.

ಮುಳ್ಳು ಸವರಿದ ಪಾಠ

ಬೆತ್ತದ ಭವಿಷ್ಯ ತಿಳಿಯಬೇಕಾದರೆ ಇದೇ ಸೀಮೆಯ ಬಿದಿರಿನ ಭೂತಕಾಲ ತಿಳಿಯಬೇಕು. 1955ರಲ್ಲಿ ಸ್ಥಾಪನೆಯಾದ ದಾಂಡೇಲಿಯ ವೆಸ್ಟ್ ಕೋಸ್ಟ್ ಕಾಗದ ಕಾರ್ಖಾನೆಗೆ ಉತ್ತರ ಕನ್ನಡದ ಬಿದಿರು ಟನ್ನಿಗೆ ಒಂದೂವರೆ ರೂಪಾಯಿಯ ದರದಲ್ಲಿ ದೊರೆಯುತ್ತಿತ್ತು. ಬುಟ್ಟಿ ಹೆಣೆಯುವವರು ಪೇಟೆಯಲ್ಲಿ ಕೊಡಬೇಕಾಗಿದ್ದುದು ಇದರ ನೂರಾರು ಪಟ್ಟು. ಬಿದಿರು ಬರಿದಾಗುತ್ತಿದೆ ಎಂಬ ಕೂಗೆದ್ದಾಗ 1975ರ ಸುಮಾರಿಗೆ ರಾಜ್ಯದಲ್ಲಿ ಇದರ ಅಧ್ಯಯನ ನಡೆಸಿದವರು ಭಾರತೀಯ ವಿಜ್ಞಾನ ಸಂಸ್ಥೆಯ ಮಾಧವ ಗಾಡ್ಗೀಳ್.

ಅವರು ದಾಖಲಿಸಿದ ಸಂಗತಿಗಳಲ್ಲಿ ಒಂದು ಇಲ್ಲಿ ನೆನೆಯತಕ್ಕದ್ದು. ಬಿದಿರ ಮೆಳೆಯ ಬುಡದಲ್ಲಿ ಮುಳ್ಳಿನ ಹೆಣಿಗೆ ಇರುತ್ತದೆ. ಅದನ್ನು ಸವರಿ ತೆಗೆದರೆ ಕಡಿಯಲು ಅನುಕೂಲ, ಮೆಳೆಯೂ ಚೆನ್ನಾಗಿ ಬೆಳೆಯುತ್ತದೆ ಎಂದು ಬಲ್ಲವರ ಸಲಹೆಯಿತ್ತು. ಹಾಗೇ ಮಾಡಿದರು. ಹಳ್ಳಿಯವರು ಬೇರೆ ಮಾತು ಹೇಳಿದರು: ಮುಳ್ಳು ತೆಗೆದರೆ ಎಳೆಯ ಕಳಲೆಯನ್ನು ದನವೂ ಕಾಡುಪ್ರಾಣಿಯೂ ತಿಂದುಹಾಕುತ್ತವೆ. ಅಧ್ಯಯನದಲ್ಲಿ ಹಳ್ಳಿಯವರ ಮಾತೇ ನಿಜವಾಯಿತು. ಮುಳ್ಳು ಅಡ್ಡಿಯೆಂದು ಕಂಡದ್ದು ನಿಜಕ್ಕೂ ಬೇಲಿಯಾಗಿತ್ತು.

ಬೆತ್ತಕ್ಕೂ ಈ ಪಾಠ ಸಲ್ಲುತ್ತದೆ. ಹಂದಿಬೆತ್ತ, ನಾಗಬೆತ್ತಗಳು ಮೆಳೆಯಾಗಿ ಬೆಳೆಯುವಂಥವು. ಬಲಿತ ಕಾಂಡವನ್ನಷ್ಟೇ ಆರಿಸಿ ಕಡಿದು, ಎಳೆಯ ಕಾಂಡಗಳನ್ನೂ ಬುಡದ ಚಿಗುರನ್ನೂ ಬಿಟ್ಟರೆ ಒಂದೇ ಮೆಳೆ ಹಲವು ವರ್ಷ ಫಲ ಕೊಡುತ್ತದೆ. ಸಿಕ್ಕಿದ್ದೆಲ್ಲ ಕಡಿದು ಲಾರಿ ತುಂಬಿದರೆ ಮೆಳೆ ಸಾಯುತ್ತದೆ. ಒಂಟಿ ಕಾಂಡದ ಬೆತ್ತಗಳಲ್ಲಂತೂ ಒಮ್ಮೆ ಕಡಿದರೆ ಗಿಡವೇ ಹೋಯಿತು. ಹೂ ಬಿಡುವ ಮೊದಲೇ ಕಡಿದರೆ ಬೀಜವೂ ಇಲ್ಲ. ಗಂಡು, ಹೆಣ್ಣು ಬೇರೆಬೇರೆಯಾದ್ದರಿಂದ ಸುತ್ತಲಿನ ಗಂಡು ಗಿಡಗಳೆಲ್ಲ ಕಡಿಸಿಕೊಂಡರೆ ಉಳಿದ ಹೆಣ್ಣು ಗಿಡವೂ ಬಂಜೆಯೇ. ಆ ವರ್ಷಕ್ಕಷ್ಟೇ ಕಾಡಿಗೆ ಬರುವ ಗುತ್ತಿಗೆದಾರನಿಗೆ ಈ ಲೆಕ್ಕ ಬೇಡ. ಅದೇ ಕಾಡಿಗೆ ಮುಂದಿನ ವರ್ಷವೂ ಹೋಗಬೇಕಾದವನಿಗೆ ಬೇಕು.

ಕಾಯಿದೆಯ ಒಳಗೆ, ಹೊರಗೆ

ಈಗಿನ ಸ್ಥಿತಿ ಏನು? ದಾಂಡೇಲಿ, ಅಣಶಿಯ ಕಾಡುಗಳು ಸೇರಿ 2007ರಲ್ಲಿ ಹುಲಿ ಸಂರಕ್ಷಿತ ಪ್ರದೇಶವಾದವು. 2015ರಲ್ಲಿ ಅದಕ್ಕೆ ಕಾಳಿಯ ಹೆಸರು ಬಂತು. ರಾಷ್ಟ್ರೀಯ ಉದ್ಯಾನ ಮತ್ತು ಅಭಯಾರಣ್ಯಗಳಿಂದ ಸತ್ತ ಮರ, ಹುಲ್ಲು ಕೂಡ ಹೊರತರಬಾರದೆಂದು ಸುಪ್ರೀಂ ಕೋರ್ಟ್ 2000ದ ಫೆಬ್ರವರಿ 14ರಂದು ಆದೇಶಿಸಿತ್ತು. ಕಡಿಯುವ ಕತ್ತಿ ದೂರವಾದರೆ ಬೆತ್ತಕ್ಕೆ ಒಳ್ಳೆಯದೇ. ಆಸರೆಯ ಮರವೂ ನೆರಳೂ ಉಳಿದಲ್ಲಿ ಮಾತ್ರ ಬೆತ್ತ ಉಳಿದೀತು.

ಇನ್ನೊಂದು ಕಡೆ, 2006ರ ಅರಣ್ಯ ಹಕ್ಕು ಕಾಯಿದೆ ಕಿರು ಅರಣ್ಯ ಉತ್ಪನ್ನಗಳ ಪಟ್ಟಿಯಲ್ಲಿ ಬಿದಿರಿನ ಜೊತೆಗೆ ಬೆತ್ತವನ್ನೂ ಹೆಸರು ಹಿಡಿದು ಹೇಳಿದೆ. ಪರಂಪರೆಯಿಂದ ಸಂಗ್ರಹಿಸುತ್ತ ಬಂದ ಅರಣ್ಯವಾಸಿಗಳಿಗೆ ಅದರ ಒಡೆತನ, ಬಳಕೆ, ಮಾರಾಟದ ಹಕ್ಕು ಕೊಟ್ಟಿದೆ. ಆದರೆ ಆ ಹಕ್ಕು ಮುಖ್ಯವಾಗಿ ಕಾಡಿನಲ್ಲಿ ವಾಸವಾಗಿದ್ದು ಕಾಡನ್ನೇ ನೆಚ್ಚಿದವರಿಗೆ. ಉತ್ತರ ಕನ್ನಡದ ಸಿದ್ದಿಗಳೂ ರಾಜ್ಯದ ಮೇದಾರರೂ 2003ರ ತಿದ್ದುಪಡಿಯಲ್ಲಿ ಪರಿಶಿಷ್ಟ ಪಂಗಡದ ಪಟ್ಟಿ ಸೇರಿದವರು. ಸಿದ್ದಿಗಳ ಮನೆ ಕಾಡಿನ ಮಗ್ಗುಲಲ್ಲಿ, ಮೇದಾರರ ಮನೆ ಪೇಟೆಯ ಓಣಿಯಲ್ಲಿ. ಮುಂಡಗೋಡ, ಹಳಿಯಾಳದಂಥ ಪೇಟೆಯಲ್ಲಿ ಕೂತು ಹೆಣೆಯುವವನ ಕಸುಬು ಕಾಡನ್ನು ನೆಚ್ಚಿದ್ದು, ವಿಳಾಸ ಮಾತ್ರ ಕಾಡಿನದಲ್ಲ. ಕಾಯಿದೆ ಕೇಳುವುದು ವಿಳಾಸವನ್ನು.

ಹೀಗಾಗಿ ಹೆಣೆಯುವವನು ಕಚ್ಚಾಮಾಲನ್ನು ವ್ಯಾಪಾರಿಯಿಂದ ಕೊಳ್ಳಬೇಕು. ಅಸ್ಸಾಮಿನಿಂದ ಬರುವ ಬೆತ್ತಕ್ಕೆ ಸಾಗಣೆಯ ಖರ್ಚು ಹೆಚ್ಚು. ಜಗತ್ತಿನ ಬೆತ್ತದ ಬಹುಪಾಲು ಬೆಳೆಯುವ ಇಂಡೋನೇಷ್ಯಾ, ತನ್ನ ಕುಶಲಕರ್ಮಿಗಳಿಗೆ ಕೆಲಸ ಸಿಗಲೆಂದು ಕಚ್ಚಾ ಬೆತ್ತದ ರಫ್ತನ್ನು 2012ರಿಂದ ನಿಲ್ಲಿಸಿತು. ಮತ್ತೊಂದೆಡೆ ಬೆತ್ತದಂತೆಯೇ ಕಾಣುವ ಪ್ಲಾಸ್ಟಿಕ್ ಎಳೆಯ ಕುರ್ಚಿ, ಬುಟ್ಟಿಗಳು ಅಂಗಡಿ ತುಂಬಿವೆ. ನೀರಲ್ಲಿ ನೆನೆದರೂ ಹಾಳಾಗದ, ಅಗ್ಗದ ಸರಕಿನೆದುರು ಮೇದಾರನ ಬುಟ್ಟಿ ದುಬಾರಿಯಾಗಿ ಕಾಣುತ್ತದೆ.

ಇದಕ್ಕೆ ಪರಿಹಾರ ಬೆತ್ತವನ್ನು ನೆಡುವುದೇ? ಹೌದು, ಆದರೆ ಅವಸರಕ್ಕೆ ಬೆತ್ತ ಬಗ್ಗುವುದಿಲ್ಲ. ತಾಜಾ ಬೀಜದಿಂದಲೇ ಸಸಿ ಮಾಡಬೇಕು, ಕಾಡಿನ ನೆರಳಲ್ಲೇ ನೆಡಬೇಕು, ಕೊಯ್ಲಿಗೆ ಹತ್ತು ವರ್ಷವಾದರೂ ಕಾಯಬೇಕು. ಬೋಳುಗುಡ್ಡದಲ್ಲಿ ಅಕೇಶಿಯಾದಂತೆ ಸಾಲು ಹಿಡಿದು ಬೆಳೆಸುವ ಗಿಡ ಇದಲ್ಲ. ಕಾಡು ಇದ್ದರೆ ಮಾತ್ರ ಬೆತ್ತ. ಹಾಗೆಯೇ ಬೆತ್ತಕ್ಕೊಂದು ಬೆಲೆಯಿದ್ದು, ಆ ಬೆಲೆ ಹಳ್ಳಿಗೆ ಸಂದರೆ, ಕಾಡು ಉಳಿಸಿಕೊಳ್ಳಲು ಹಳ್ಳಿಗೂ ಒಂದು ಕಾರಣ ಸಿಗುತ್ತದೆ. ಮರ ಕಡಿಯದೆ ಕಾಡಿನಿಂದ ಹಣ ಕಾಣಬಹುದಾದ ಕೆಲವೇ ದಾರಿಗಳಲ್ಲಿ ಇದೂ ಒಂದು.

ಅಭಯಾರಣ್ಯದ ಹೊರಗಿನ ಕಾಡಿನಲ್ಲಿ ನೆಡುವವರು, ಕಾಯುವವರು, ಕಡಿಯುವವರು, ಹೆಣೆಯುವವರು ಒಂದೇ ಲೆಕ್ಕಪುಸ್ತಕದೊಳಗೆ ಬರಬೇಕು. ಹಳ್ಳಿಯ ಅರಣ್ಯ ಸಮಿತಿ ಬಲಿತ ಬೆತ್ತವನ್ನು ನೇರವಾಗಿ ಹೆಣೆಯುವವರಿಗೆ ಮಾರುವಂತಾದರೆ ಎರಡು ಕಡೆಯ ಒಲೆಯೂ ಉರಿದೀತು. ಅದಾಗದಿದ್ದರೆ ಗಿಡ ಕಾಡಿನಲ್ಲಿ ಉಳಿದರೂ ಅದನ್ನು ಸೀಳಿ, ಕಾಯಿಸಿ, ಬಾಗಿಸಿ ತೊಟ್ಟಿಲು ಕಟ್ಟುವ ಕೈ ಉಳಿಯುವುದಿಲ್ಲ. ಬೆತ್ತದ ಮೆಳೆ ಮತ್ತೆ ಚಿಗುರಲು ಹತ್ತು ವರ್ಷ ಸಾಕು. ತಂದೆಯಿಂದ ಮಗನಿಗೆ ಬಂದ ಕಸುಬು ಒಂದು ತಲೆಮಾರು ತಪ್ಪಿದರೆ ಮತ್ತೆ ಚಿಗುರುವುದು ಕಷ್ಟ.